ತಂತಿ ಎಳೆಯುತ್ತದೆ, ಮೂಳೆ ದಾರಿ ಬಿಡುತ್ತದೆ

ತಾಲ್ಲೂಕು ಕೇಂದ್ರಗಳ ಹಲ್ಲಿನ ಆಸ್ಪತ್ರೆಗಳಿಗೆ ‘ಕ್ಲಿಪ್ ಡಾಕ್ಟರು’ ದಿನಾಲೂ ಬರುವುದಿಲ್ಲ. ತಿಂಗಳಿಗೆ ಒಂದೋ ಎರಡೋ ದಿನ, ಹೆಚ್ಚಾಗಿ ಭಾನುವಾರ, ದೂರದ ಪೇಟೆಯಿಂದ ಬಂದು ಹೋಗುತ್ತಾರೆ. ಆ ದಿನ ಬೆಂಚಿನ ತುಂಬ ಹೈಸ್ಕೂಲು, ಪಿಯುಸಿ ಮಕ್ಕಳು. ಪಕ್ಕದಲ್ಲಿ ಬ್ಯಾಗು ಹಿಡಿದ ಅಮ್ಮಂದಿರು. ಒಬ್ಬೊಬ್ಬರಿಗೂ ಕುರ್ಚಿಯ ಮೇಲೆ ಹತ್ತು ಹದಿನೈದು ನಿಮಿಷ. ಹಳೇ ತಂತಿ ಬಿಚ್ಚಿ, ಹೊಸದು ಕೂರಿಸಿ, ಪುಟ್ಟ ರಬ್ಬರ್ ಬಳೆಗಳಿಂದ ಬಿಗಿದು, ‘ಮುಂದಿನ ತಿಂಗಳು ಬಾ ಮರಿ’ ಎಂದರೆ ಮುಗಿಯಿತು. ಇಷ್ಟೇನಾ ಎನಿಸುತ್ತದೆ. ಆದರೆ ಎಷ್ಟು ಎಳೆದರೆ ಸಾಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಕಲಿಯಲು ಐದು ವರ್ಷದ ಬಿಡಿಎಸ್ ಮುಗಿಸಿದವರು ಮತ್ತೆ ಮೂರು ವರ್ಷ ಎಂಡಿಎಸ್ ಓದುತ್ತಾರೆ.

ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ಸಂದು. ಅದರೊಳಗೆ ನಾರು, ನರ, ರಕ್ತನಾಳ. ಹಲ್ಲನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಒತ್ತುತ್ತಲೇ ಇದ್ದರೆ ಒತ್ತಡ ಬಿದ್ದ ಕಡೆ ಮೂಳೆ ಕರಗಿಸುವ ಜೀವಕೋಶಗಳು ಸೇರುತ್ತವೆ, ಎಳೆತ ಬಿದ್ದ ಕಡೆ ಮೂಳೆ ಕಟ್ಟುವ ಜೀವಕೋಶಗಳು ಕೆಲಸ ಹಿಡಿಯುತ್ತವೆ. ಹೀಗೆ ಹಲ್ಲು ತನ್ನ ಗೂಡಿನ ಸಮೇತ ಸಾಗುತ್ತದೆ, ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಜೋರಾಗಿ ಎಳೆದರೆ ಬೇಗ ಸರಿಯುತ್ತದೆ ಎಂಬುದು ತಪ್ಪು ಲೆಕ್ಕ. ಬಲ ಹೆಚ್ಚಾದರೆ ಆ ಸಂದಿನ ರಕ್ತನಾಳಗಳು ಹಿಸುಕಿಹೋಗಿ ಅಲ್ಲಿನ ಅಂಗಾಂಶ ಸಾಯುತ್ತದೆ. ಅದನ್ನು ದೇಹ ತೆರವು ಮಾಡುವ ತನಕ ಹಲ್ಲು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ, ನೋಯುತ್ತದೆ, ಬೇರಿನ ತುದಿ ಸವೆಯುವ ಅಪಾಯವೂ ಇದೆ. 1932ರಲ್ಲೇ ಶ್ವಾರ್ಟ್ಸ್ ಎಂಬ ಸಂಶೋಧಕರು ಬೇರಿನ ಒಂದು ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಬಲ ಸಾಕೆಂದಿದ್ದರು. ಅಂಕಿಯ ಬಗ್ಗೆ ಆಮೇಲೆ ವಾದಗಳೆದ್ದಿವೆ, ತತ್ವ ಮಾತ್ರ ಉಳಿದಿದೆ. ಎರಡೇ ತಿಂಗಳಲ್ಲಿ ಹಲ್ಲು ಸಾಲು ಮಾಡಿಕೊಡುತ್ತೇವೆ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಈ ಕಾಲು ಮಿಲಿಮೀಟರ್ ಸಂದು ನೆನಪಾಗುತ್ತದೆ.

ಈ ವಿದ್ಯೆಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ಎಡ್ವರ್ಡ್ ಆಂಗಲ್. ಮೇಲಿನ ಮತ್ತು ಕೆಳಗಿನ ಮೊದಲ ದವಡೆ ಹಲ್ಲುಗಳು ಒಂದಕ್ಕೊಂದು ಕೂರುವ ರೀತಿ ನೋಡಿ ವಕ್ರದಂತಗಳನ್ನು 1899ರಲ್ಲಿ ಅವರು ಮೂರು ವರ್ಗ ಮಾಡಿದರು. ಕೇಸ್ ಶೀಟಿನಲ್ಲಿ ಈಗಲೂ ‘ಕ್ಲಾಸ್ ಟು’ ಎಂದು ಬರೆಯುವುದು ಅವರ ಲೆಕ್ಕದಲ್ಲೇ. ಆಯತಾಕಾರದ ತಂತಿ ಕೂರುವ ಅವರ ಎಡ್ಜ್‌ವೈಸ್ ಬ್ರ್ಯಾಕೆಟ್ಟೇ ಇಂದಿನವಕ್ಕೆ ಮೂಲ. ಆದರೆ ಅವರಿಗೊಂದು ಹಟವಿತ್ತು: ಯಾವ ಹಲ್ಲನ್ನೂ ಕೀಳಬಾರದು. ಶಿಷ್ಯ ಚಾರ್ಲ್ಸ್ ಟ್ವೀಡ್ ಅರಿಜೋನಾದಲ್ಲಿ ಗುರುವಿನ ಮಾತಿನಂತೆಯೇ ನಡೆದರು. ನಡೆದವರಿಗೆ, ಸಾಲಾದ ಹಲ್ಲುಗಳು ಮತ್ತೆ ಸೊಟ್ಟಗಾಗುವುದೂ ತುಟಿ ಉಬ್ಬಿ ಮುಖ ಕೆಡುವುದೂ ಕಾಣತೊಡಗಿತು. ಆಗ ಅವರು ಮಾಡಿದ್ದೇನು? ಸೋತ ಕೇಸುಗಳನ್ನೇ ಮತ್ತೆ ಕರೆಸಿ, ನಾಲ್ಕು ಕಿರುದವಡೆ ಹಲ್ಲು ತೆಗೆಸಿ, ಹಣ ಪಡೆಯದೆ ಹೊಸದಾಗಿ ಚಿಕಿತ್ಸೆ ಮಾಡಿದರು. 1940ರಲ್ಲಿ ಅಂಥ ನೂರು ಜನರ ದಾಖಲೆಗಳನ್ನು, ಕೀಳದೆ ಬಂದ ಫಲ ಒಂದು ಕಡೆ, ಕಿತ್ತ ಮೇಲೆ ಬಂದ ಫಲ ಇನ್ನೊಂದು ಕಡೆ, ಸಹೋದ್ಯೋಗಿಗಳ ಮುಂದಿಟ್ಟರು. ಈ ವೃತ್ತಿಯ ಚರಿತ್ರೆಯಲ್ಲಿ ನನ್ನ ಗೌರವ ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುವುದು ಈ ಕೆಲಸಕ್ಕೆ.

ಆಂಗಲ್ ಅವರ ಇನ್ನೊಬ್ಬ ಶಿಷ್ಯ ಆಸ್ಟ್ರೇಲಿಯಾದ ರೇಮಂಡ್ ಬೆಗ್. ಒರಟು ಆಹಾರ ಜಗಿದ ಮೂಲನಿವಾಸಿಗಳ ಹಲ್ಲುಗಳು ಪಕ್ಕಗಳಲ್ಲೂ ಸವೆದು ದವಡೆಯಲ್ಲಿ ಜಾಗ ಮಾಡಿಕೊಂಡದ್ದನ್ನು ಅವರು ತಲೆಬುರುಡೆಗಳಲ್ಲಿ ಕಂಡರು. ಮೆತ್ತನೆಯ ಊಟದವರಿಗೆ ಆ ಸವೆತವಿಲ್ಲ, ಹಾಗಾಗಿ ಹಲ್ಲು ತೆಗೆದು ಜಾಗ ಮಾಡುವುದರಲ್ಲಿ ಅರ್ಥವಿದೆ ಎಂಬುದು ಅವರ ವಾದ. ಲೋಹತಜ್ಞ ಆರ್ಥರ್ ವಿಲ್‌ಕಾಕ್ ತಯಾರಿಸಿದ ಸಣ್ಣ ಸ್ಟೀಲ್ ತಂತಿ ಹಿಡಿದು ಹಗುರ ಬಲದ ವಿಧಾನ ಕಟ್ಟಿದರು. ನಮ್ಮ ದಂತ ಕಾಲೇಜುಗಳಲ್ಲಿ ಬಹಳ ಕಾಲ ಕಲಿಸಿದ್ದು ಇದನ್ನೇ.

‘ಚೆನ್ನಾಗಿರೋ ಹಲ್ಲು ಯಾಕ್ ಕೀಳ್ಬೇಕು ಡಾಕ್ಟ್ರೇ?’ ಇಂದಿಗೂ ಕ್ಲಿನಿಕ್ಕಿನಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವ ಮಾತು ಇದು. ಒಂದೇ ಉತ್ತರ ಎಲ್ಲರಿಗೂ ಒಪ್ಪುವುದಿಲ್ಲ. ಒಂದು ಕಿರುದವಡೆ ಹಲ್ಲು ತೆಗೆದರೆ ಸಿಗುವುದು ಏಳು ಮಿಲಿಮೀಟರ್ ಜಾಗ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಮುಂಬಲ್ಲಿನ ಓರೆ, ಪ್ಲಾಸ್ಟರ್ ಅಚ್ಚಿನಲ್ಲಿ ಜಾಗದ ಕೊರತೆ, ತುಟಿಯ ಉಬ್ಬು, ಮಗುವಿಗೆ ಬೆಳವಣಿಗೆ ಎಷ್ಟು ಉಳಿದಿದೆ ಎಂಬುದು, ಎಲ್ಲವನ್ನೂ ತೂಗಿ ನಿರ್ಧಾರ ಮಾಡಬೇಕು. ಪರೀಕ್ಷೆಗೆ ಮೊದಲೇ ‘ನಾವು ಕೀಳೋದೇ ಇಲ್ಲ’ ಎನ್ನುವವರೂ ‘ನಾಲ್ಕು ಕೀಳ್ಬೇಕು’ ಎನ್ನುವವರೂ ನನ್ನ ಮಟ್ಟಿಗೆ ಒಂದೇ.

ಬ್ರ್ಯಾಕೆಟ್ ಅಂಟಿಸುವುದನ್ನು ಹತ್ತಿರದಿಂದ ನೋಡಬೇಕು. ಕೆನ್ನೆ ಹಿಗ್ಗಿಸುವ ಪ್ಲಾಸ್ಟಿಕ್ ಕೊಂಡಿ ಹಾಕಿ, ಹಲ್ಲು ತಿಕ್ಕಿ ತೊಳೆದು, ನೀಲಿ ಬಣ್ಣದ ಫಾಸ್ಫಾರಿಕ್ ಆಮ್ಲದ ಜೆಲ್ಲನ್ನು ಒಂದೊಂದು ಹಲ್ಲಿನ ಮೇಲೂ ಚುಕ್ಕೆಯಾಗಿ ಇಡುತ್ತಾರೆ. ಅರ್ಧ ನಿಮಿಷದೊಳಗೆ ತೊಳೆದು ಗಾಳಿ ಊದಿದರೆ ಅಷ್ಟು ಜಾಗ ಹೊಳಪು ಕಳೆದುಕೊಂಡು ಮಂಕು ಬಿಳಿಯಾಗುತ್ತದೆ. ಆಮ್ಲ ಅಲ್ಲಿ ಕೊರೆದ, ಕಣ್ಣಿಗೆ ಕಾಣದ ಗುಳಿಗಳಲ್ಲಿ ಅಂಟು ಹಿಡಿಯುತ್ತದೆ. ಇನ್ನು ಎಂಜಲು ತಗಲಬಾರದು. ಸಹಾಯಕಿ ಸಕ್ಷನ್ ಪೈಪು ಹಿಡಿದು ಕದಲದೆ ನಿಲ್ಲುತ್ತಾಳೆ. ಡಾಕ್ಟರು ಚಿಮುಟದಿಂದ ಬ್ರ್ಯಾಕೆಟ್ ಇಟ್ಟು, ಒಂದಿಷ್ಟು ಮೇಲೆ, ಇನ್ನಿಷ್ಟು ಎಡಕ್ಕೆ ಎಂದು ಸರಿಸಿ, ಸುತ್ತ ಹೊರಬಂದ ಅಂಟನ್ನು ಕೆರೆದು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಅರ್ಧ ಮಿಲಿಮೀಟರ್ ಓರೆಯಾದರೂ ಆರು ತಿಂಗಳ ಮೇಲೆ ಹಲ್ಲು ಅಷ್ಟೇ ಓರೆಯಾಗಿ ನಿಂತಿರುತ್ತದೆ. 1955ರಲ್ಲಿ ಮೈಕೆಲ್ ಬುವೊನೊಕೋರ್ ಆಮ್ಲದ ಈ ಉಪಾಯ ತೋರಿಸುವ ಮೊದಲು ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಿತ್ತು.

ಮೊದಲ ತಂತಿ ನಿಕ್ಕಲ್ ಟೈಟಾನಿಯಂನದು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಲೋಹವನ್ನು 1970ರ ದಶಕದಲ್ಲಿ ಅಯೋವಾದ ಜಾರ್ಜ್ ಆಂಡ್ರಿಯಾಸನ್ ಬಾಯಿಗೆ ತಂದರು. ಎಷ್ಟು ಸೊಟ್ಟ ಹಲ್ಲಿಗೆ ಕಟ್ಟಿದರೂ ಮುರಿಯದೆ ಬಾಗಿ, ತನ್ನ ಮೂಲ ಆಕಾರಕ್ಕೆ ಮರಳಲು ವಾರಗಟ್ಟಲೆ ಹಗುರವಾಗಿ ಎಳೆಯುತ್ತದೆ. ಸಾಲು ಬಂದ ಮೇಲೆ ಗಟ್ಟಿ ಸ್ಟೀಲ್ ತಂತಿ. ಆಗ ಶುರುವಾಗುವುದು ಹಗ್ಗಜಗ್ಗಾಟ: ಮುಂಬಲ್ಲನ್ನು ಹಿಂದಕ್ಕೆ ಎಳೆದರೆ ಹಿಂದಿನ ದವಡೆ ಹಲ್ಲುಗಳೂ ಮುಂದಕ್ಕೆ ಜಾರಿ, ಕಿತ್ತು ಗಳಿಸಿದ ಜಾಗ ತಿಂದುಹಾಕುತ್ತವೆ. ಅದಕ್ಕೇ ಈಗ ದವಡೆ ಮೂಳೆಗೆ ಪುಟ್ಟ ಟೈಟಾನಿಯಂ ಸ್ಕ್ರೂ ಹಾಕಿ ಅದನ್ನೇ ಆಧಾರ ಮಾಡಿಕೊಳ್ಳುವುದುಂಟು.

ಇನ್ನು ಕ್ಲಿನಿಕ್ ನಡೆಸುವುದು. ಹಲ್ಲು ಕೀಳಿಸಿಕೊಂಡವರು ಮತ್ತೆ ಬರದಿದ್ದರೂ ನಡೆಯುತ್ತದೆ, ಕ್ಲಿಪ್ ಹಾಕಿಸಿಕೊಂಡವರು ಒಂದೂವರೆ ಎರಡು ವರ್ಷ ಬರುತ್ತಲೇ ಇರಬೇಕು. ಹಾಗಾಗಿ ಹಣವೂ ಕಂತಿನಲ್ಲಿ: ಹಾಕಿದ ದಿನ ಒಂದು ಪಾಲು, ಆಮೇಲೆ ತಿಂಗಳಿಗಿಷ್ಟು. ಕಂತು ಕಟ್ಟಲಾಗದೆ ಸಂಕೋಚಪಟ್ಟು ಬರುವುದನ್ನೇ ನಿಲ್ಲಿಸುವವರಿದ್ದಾರೆ. ನೋಡುವವರಿಲ್ಲದ ತಂತಿ ಬಾಯಲ್ಲಿ ವರ್ಷಗಟ್ಟಲೆ ಉಳಿದರೆ ಬ್ರ್ಯಾಕೆಟ್ ಸುತ್ತ ಪಾಚಿ ಕಟ್ಟಿ ಹಲ್ಲಿನ ಮೇಲೆ ಸುಲಭವಾಗಿ ಅಳಿಸಲಾಗದ ಬಿಳಿ ಕಲೆ ಬೀಳುತ್ತದೆ, ಹುಳುಕೂ ಹಿಡಿಯುತ್ತದೆ. ಒಳ್ಳೆಯ ವೈದ್ಯರು ಅಂಥವರಿಗೆ ಫೋನ್ ಮಾಡಿ, ದುಡ್ಡಿನ ಮಾತು ಆಮೇಲೆ, ಮೊದಲು ಬನ್ನಿ ಎನ್ನುತ್ತಾರೆ. ಹಬ್ಬ ಮುಗಿದ ವಾರ ಚಕ್ಕುಲಿ, ಕೋಡುಬಳೆ, ಕಬ್ಬು ಕಚ್ಚಿ ಬ್ರ್ಯಾಕೆಟ್ ಕಿತ್ತುಕೊಂಡವರ ಸಾಲು. ಬೇಸಿಗೆ ರಜೆಯಲ್ಲಿ ಹೊಸಬರ ನೂಕುನುಗ್ಗಲು, ಜೂನ್‌ನಲ್ಲಿ ಹಾಸ್ಟೆಲಿಗೆ ಹೊರಟವರ ಕೇಸ್ ಫೈಲು ಬೇರೆ ಊರಿಗೆ ಕಳಿಸುವ ಕೆಲಸ. ‘ಮದುವೆ ಗೊತ್ತಾಗಿದೆ, ಬಿಚ್ಚಿಬಿಡಿ’ ಎಂದು ನಡುವೆಯೇ ಬರುವ ಹುಡುಗಿಯರದ್ದು ಬೇರೆ ಕತೆ.

ತಂತಿ ಬೇಡವೆನ್ನುವವರಿಗೆ ಅಲೈನರ್ ಬಂದಿದೆ: ಪಾರದರ್ಶಕ ಕವಚಗಳ ಸರಣಿ, ಒಂದೊಂದೂ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ, ದಿನಕ್ಕೆ 22 ಗಂಟೆ ಬಾಯಲ್ಲಿರಬೇಕು. ಶಿಸ್ತಿನ ವಯಸ್ಕರಿಗೆ ಒಳ್ಳೆಯದು. ಆದರೆ ಎಕ್ಸ್‌ರೇ ಇಲ್ಲದೆ, ವಸಡು ನೋಡದೆ, ಅಂಚೆಯಲ್ಲಿ ಕವಚ ಕಳಿಸುವ ವ್ಯಾಪಾರವನ್ನು ಚಿಕಿತ್ಸೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಯಾವ ವಿಧಾನವಾದರೂ ಬಿಚ್ಚಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ತಪ್ಪದು. ವಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ವರ್ಷದವರೆಗೂ ಬೇಕು. ಅದಕ್ಕೂ ಮೊದಲು ಬಿಟ್ಟರೆ ಹಲ್ಲನ್ನು ಹಳೇ ಜಾಗಕ್ಕೆ ಎಳೆದೊಯ್ಯುತ್ತವೆ.

ಈ ವಿದ್ಯೆ ಅಂದಚೆಂದದ್ದು ಮಾತ್ರ ಎಂದುಕೊಂಡವರು ಸೀಳುತುಟಿ, ಸೀಳು ಅಂಗುಳದ ಮಕ್ಕಳ ವಿಭಾಗಕ್ಕೆ ಹೋಗಿ ನೋಡಬೇಕು. ಧಾರವಾಡದ ಎಸ್‌ಡಿಎಂ, ಮಂಗಳೂರಿನ ನಿಟ್ಟೆ ಸಂಸ್ಥೆಗಳಲ್ಲಿ ಇದಕ್ಕೆಂದೇ ತಂಡಗಳಿವೆ. ಹುಟ್ಟಿದ ಕೆಲವೇ ವಾರಗಳಲ್ಲಿ ಮಗುವಿನ ಅಂಗುಳದ ಅಚ್ಚು ತೆಗೆದು, ಅಕ್ರಿಲಿಕ್ ತಟ್ಟೆ ಕೂರಿಸಿ, ಕೆನ್ನೆಗೆ ಟೇಪು ಅಂಟಿಸಿ, ಬೇರೆಯಾದ ವಸಡಿನ ಎರಡು ತುಂಡುಗಳನ್ನು ವಾರವಾರಕ್ಕೂ ಸ್ವಲ್ಪಸ್ವಲ್ಪ ಹತ್ತಿರ ತರಬಹುದು; ಚಪ್ಪಟೆಯಾದ ಮೂಗಿಗೂ ಆಕಾರ ಬರುತ್ತದೆ. ಆಮೇಲೆ ತುಟಿಯ ಶಸ್ತ್ರಚಿಕಿತ್ಸೆ ಸುಲಭ. ಅದೇ ಮಗುವಿಗೆ ಕೋರೆಹಲ್ಲು ಮೂಡುವ ಮುನ್ನ ವಸಡಿನ ಸೀಳಿಗೆ ಮೂಳೆ ತುಂಬಿಸಲು ದವಡೆ ಅಗಲಿಸಿಕೊಡುವವರೂ, ಹದಿಹರೆಯದಲ್ಲಿ ಕ್ಲಿಪ್ ಹಾಕುವವರೂ ಈ ಕ್ಲಿಪ್ ಡಾಕ್ಟರೇ. ಮೂಗಿನ ಎಳೆಯ ಮೃದ್ವಸ್ಥಿ ಸುಲಭವಾಗಿ ಬಾಗುವುದು ಹುಟ್ಟಿದ ಮೊದಲ ವಾರಗಳಲ್ಲಿ ಮಾತ್ರ. ಆದ್ದರಿಂದ ಹೆರಿಗೆ ವಾರ್ಡಿನಿಂದ ಮನೆಗೆ ಕಳಿಸುವಾಗಲೇ ಆಶಾ ಕಾರ್ಯಕರ್ತೆಯೋ ನರ್ಸೋ ತಾಯಿಗೆ ಈ ವಿಭಾಗದ ದಾರಿ ಹೇಳಿಬಿಟ್ಟರೆ, ಮಗು ಮೂರು ತಿಂಗಳಾಗುವಷ್ಟರಲ್ಲಿ ಆಪರೇಷನ್ನಿಗೆ ಸಿದ್ಧವಾಗಿರುತ್ತದೆ.