ಕಹಿ ಮದ್ದು ಪಾನಗೋಷ್ಠಿಗೆ ಬಂದ ಕಥೆ

ಕಳೆದ ವರ್ಷ ನನ್ನ ಸೋದರಳಿಯನ ವಿವಾಹದ ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೆಂದು ಬೆಂಗಳೂರಿನ ಒಂದು ಕ್ಲಬ್ಬಿಗೆ ಹೋಗಿದ್ದೆ. ಮದ್ಯವನ್ನು ಮುಟ್ಟದ ಮನುಷ್ಯನಿಗೆ ಇಂಥ ಸ್ಥಳಗಳಲ್ಲಿ ಒದಗುವ ಪೇಚು ವಾಚಕರಲ್ಲಿ ಕೆಲವರಿಗಾದರೂ ಪರಿಚಿತವಾಗಿರಬೇಕು. ಕೈಯಲ್ಲಿ ಲೋಟವಿಲ್ಲದೆ ನಿಂತರೆ ಕರೆದವರಿಗೆ ಸಂಕಟ. ಲೋಟ ಹಿಡಿದು ನಿಂತರೆ ನಮಗೆ ಸಂಕಟ. ನಾನು ಕಂಬವೊಂದರ ಮರೆಯಲ್ಲಿ ನಿಂತಿದ್ದುದನ್ನು ಕಂಡು ಅಳಿಯನೇ ಒಂದು ಲೋಟವನ್ನು ತಂದು ಕೈಯಲ್ಲಿಟ್ಟ. “ಭಯಪಡಬೇಡಿ ಮಾವ, ಇದರಲ್ಲಿ ಜಿನ್ ಹಾಕಿಸಿಲ್ಲ. ಬರೀ ಟಾನಿಕ್ ನೀರು, ನಿಂಬೆಯ ಹೋಳು, ಮಂಜುಗಡ್ಡೆ” ಎಂದ.

ಒಂದು ಗುಟುಕು ಕುಡಿದೆ. ತಣ್ಣನೆಯ ಗುಳ್ಳೆಗಳ ಹಿಂದೆ ಒಂದಿಷ್ಟು ಸಿಹಿ, ಆಮೇಲೆ ಹುಳಿ; ಎಲ್ಲವೂ ಇಳಿದುಹೋದ ಮೇಲೆ ನಾಲಗೆಯ ಬುಡದಲ್ಲಿ ಒಂದು ಕಹಿ ಉಳಿಯಿತು. ಆ ಕಹಿಯ ಗುರುತು ನನಗೆ ಕೂಡಲೇ ಸಿಕ್ಕಿತು. ಎಪ್ಪತ್ತು ವರ್ಷಗಳ ಹಿಂದಿನ ಮಲೆನಾಡಿನ ನಮ್ಮ ಮನೆಯ ಜಗಲಿ, ಕಂಪೌಂಡರು ಕೊಟ್ಟ ಸೀಸೆ, ಅದರ ಪಕ್ಕಕ್ಕೆ ಪ್ರಮಾಣ ತೋರಿಸಲು ಅಂಟಿಸಿದ ಹಲ್ಲುಹಲ್ಲಾದ ಕಾಗದದ ಪಟ್ಟಿ, ಅಜ್ಜಿಯ ಅಂಗೈಯಲ್ಲಿದ್ದ ಬೆಲ್ಲದ ಚೂರು ಎಲ್ಲವೂ ಕಣ್ಣೆದುರಿಗೆ ಬಂದವು. ಅದು ಕ್ವಿನೈನ್.

ಚಳಿಜ್ವರದ ಆ ಮದ್ದನ್ನು ಜನರು ಈಗ ಹಣ ಕೊಟ್ಟು, ನಗುನಗುತ್ತ, ಎರಡನೆಯ ಲೋಟ ಬೇಡಿ ಕುಡಿಯುತ್ತಾರೆಂಬುದನ್ನು ನಂಬುವುದೇ ನನಗೆ ಕಷ್ಟವಾಯಿತು. ಅಂದಿನಿಂದ ಈ ಮಿಶ್ರಪಾನಗಳ ಚರಿತ್ರೆಯನ್ನು ಸ್ವಲ್ಪ ಓದಿದೆ. ಕುಡಿಯದವನು ಕುಡಿತದ ಬಗ್ಗೆ ಬರೆಯುವುದು ಸರಿಯೇ ಎಂದು ಯಾರಾದರೂ ಕೇಳಿದರೆ, ನಳಪಾಕವನ್ನು ಉಣ್ಣದೆಯೇ ಅದರ ಮಾತನ್ನಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ ಎಂದಷ್ಟೇ ಹೇಳಬಲ್ಲೆ.

‘ಕಾಕ್‌ಟೇಲ್’ ಎಂಬ ಮಾತಿಗೆ ಕೋಳಿಹುಂಜದ ಬಾಲ ಎಂದು ಪದಶಃ ಅರ್ಥ. ಈ ಹೆಸರು ಬಂದ ಬಗೆಗೆ ಕಥೆಗಳು ಹತ್ತಾರು ಇವೆ. ಒಂದಕ್ಕೂ ಗಟ್ಟಿಯಾದ ಆಧಾರವಿಲ್ಲ. ಆದರೆ ಅದರ ಲಕ್ಷಣವೇನೆಂಬುದಕ್ಕೆ ಮಾತ್ರ ಖಚಿತವಾದ ದಾಖಲೆಯಿದೆ. 1806ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಪಟ್ಟಣದ ಪತ್ರಿಕೆಯೊಂದರಲ್ಲಿ, ಓದುಗನೊಬ್ಬನ ಪ್ರಶ್ನೆಗೆ ಉತ್ತರವಾಗಿ ಸಂಪಾದಕನು ಅದನ್ನು ವಿವರಿಸಿದ್ದಾನೆ: ಯಾವುದಾದರೊಂದು ಮದ್ಯ, ಸಕ್ಕರೆ, ನೀರು ಮತ್ತು ಕಹಿ. ಕಹಿ ಎಂದರೆ ಬೇರು, ತೊಗಟೆ, ಸಂಬಾರಗಳನ್ನು ಮದ್ಯದಲ್ಲಿ ನೆನೆಯಿಟ್ಟು ತೆಗೆದ ಕಷಾಯ. ಈ ನಾಲ್ಕನೆಯದು ಇಲ್ಲದಿದ್ದರೆ ಅಂದಿನವರ ಲೆಕ್ಕದಲ್ಲಿ ಅದು ಕಾಕ್‌ಟೇಲ್ ಅಲ್ಲ.

ನನಗೆ ಸೋಜಿಗವೆನಿಸಿದ್ದು ಇದೇ. ಜನ ಮೆಚ್ಚುವ ಪಾನೀಯದ ಲಕ್ಷಣದಲ್ಲಿ ಜನ ಮೆಚ್ಚದ ರುಚಿಗೆ ಸ್ಥಾನ ಹೇಗೆ ಸಿಕ್ಕಿತು? ಕಹಿಯ ಹಿನ್ನೆಲೆಯನ್ನು ಹುಡುಕುತ್ತ ಹೋದರೆ ಮತ್ತೆಮತ್ತೆ ಎದುರಾಗುವವನು ವೈದ್ಯ. ಇಂದು ಲೋಕದ ಪಾನಗೃಹಗಳಲ್ಲೆಲ್ಲ ಕಾಣುವ ಅಂಗೊಸ್ಟುರಾ ಎಂಬ ಪುಟ್ಟ ಸೀಸೆಯ ಕಷಾಯವನ್ನು 1824ರಲ್ಲಿ ಮೊದಲು ಕಾಸಿದವನು, ವೆನೆಜುವೆಲಾ ದೇಶದಲ್ಲಿ ಬೊಲಿವಾರನ ಸೈನ್ಯದ ವೈದ್ಯನಾಗಿದ್ದ ಸೀಗೆರ್ಟ್ ಎಂಬ ಜರ್ಮನ್. ಅಂಗೊಸ್ಟುರಾ ಎಂಬುದು ಅವನಿದ್ದ ಊರಿನ ಹೆಸರು. ಸೈನಿಕರ ಹೊಟ್ಟೆ ಸರಿಪಡಿಸಲು ಹುಟ್ಟಿದ ಈ ಕಷಾಯದ ನಾಲ್ಕು ತೊಟ್ಟು, ಸಕ್ಕರೆ ಮತ್ತು ವಿಸ್ಕಿ ಸೇರಿದರೆ ‘ಓಲ್ಡ್ ಫ್ಯಾಷನ್ಡ್’. ಜಿನ್ನಿಗೆ ಅದೇ ತೊಟ್ಟುಗಳು ಬಿದ್ದರೆ ಇಂಗ್ಲಿಷ್ ನೌಕಾಪಡೆಯವರ ಮೆಚ್ಚಿನ ‘ಪಿಂಕ್ ಜಿನ್’. ಮಾರ್ಟಿನಿಗೆ ಬೀಳುವ ವರ್ಮೂತ್ ಎಂಬ ದ್ರಾಕ್ಷಾರಸಕ್ಕೆ ಆ ಹೆಸರು ಬಂದದ್ದು ಒಂದು ಕಹಿಗಿಡದ ಜರ್ಮನ್ ಹೆಸರಿನಿಂದ.

ಇವೆಲ್ಲವನ್ನೂ ಮೀರಿಸಿದ ಕಹಿಯೆಂದರೆ ಕ್ವಿನೈನಿನದು. ಅದರ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸಿಂಕೋನಾ ಮರದ ತೊಗಟೆ. 17ನೆಯ ಶತಮಾನದಲ್ಲಿ ಜೆಸುಯಿಟ್ ಪಾದ್ರಿಗಳ ಮೂಲಕ ಅದು ಯೂರೋಪಿಗೆ ಹೋಯಿತು. ಪೆರುವಿನ ವೈಸರಾಯನ ಪತ್ನಿಯಾದ ಚಿಂಚೋನ್ ಕೌಂಟೆಸ್ ಇದರಿಂದ ಗುಣಹೊಂದಿದಳೆಂಬ ಕಥೆಯನ್ನು ನಂಬಿ ಲಿನೇಯಸ್ ಮರಕ್ಕೆ ಅವಳ ಹೆಸರಿಟ್ಟ. ಕಥೆ ಸುಳ್ಳೆಂದು ಆಮೇಲೆ ತಿಳಿದರೂ ಹೆಸರು ನಿಂತಿತು. ಆಗಲೇ ರಾಬರ್ಟ್ ಟಾಲ್ಬರ್ ಎಂಬ ಇಂಗ್ಲಿಷಿನವನೊಬ್ಬ ಚಳಿಜ್ವರಕ್ಕೆ ತನ್ನಲ್ಲಿ ಗುಪ್ತ ಔಷಧವಿದೆಯೆಂದು ಸಾರಿ, ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೂ ಫ್ರಾನ್ಸಿನ ಯುವರಾಜನಿಗೂ ಚಿಕಿತ್ಸೆ ಮಾಡಿ ಹೆಸರು, ಹಣ ಎರಡನ್ನೂ ಗಳಿಸಿದ. ಅವನು ಸತ್ತ ಮೇಲೆ, 1682ರಲ್ಲಿ, ಗುಟ್ಟು ಬಯಲಾಯಿತು: ಅದೇ ತೊಗಟೆಯ ಪುಡಿ, ದ್ರಾಕ್ಷಾರಸದಲ್ಲಿ ಬೆರೆಸಿದ್ದು! ಆ ಕಹಿಯನ್ನು ಮರೆಸಿ ನುಂಗಿಸಿದ್ದರಲ್ಲೇ ಅರ್ಧ ಜಾಣತನವಿತ್ತು.

ಈ ಜಾಣತನವನ್ನು ಹಗುರವಾಗಿ ಕಾಣಬಾರದು. ನಮ್ಮ ತಂದೆಗೆ ಒಬ್ಬ ಅಣ್ಣನಿದ್ದ. ಅವನನ್ನು ನಾನು ಕಂಡಿಲ್ಲ, ತಂದೆಯೂ ಕಂಡಿರಲಿಲ್ಲ. ಏಳು ವರ್ಷದ ಆ ಹುಡುಗನಿಗೆ ಚಳಿಜ್ವರ ಬಂದಾಗ ಹನ್ನೆರಡು ಮೈಲಿ ನಡೆದು ಮದ್ದು ತಂದಿದ್ದರಂತೆ. ಹುಡುಗ ಅಜ್ಜಿಯ ಎದುರಿಗೆ ಗುಟುಕನ್ನು ಬಾಯಲ್ಲಿ ತುಂಬಿಕೊಂಡು, ತಲೆಯಾಡಿಸಿ, ಹಿತ್ತಲಿಗೆ ಓಡಿ ಉಗುಳಿಬಿಡುತ್ತಿದ್ದ. ಮೂರು ದಿನ ಹೀಗೆ ನಡೆದದ್ದು ಯಾರಿಗೂ ತಿಳಿಯಲಿಲ್ಲ. ಅವನು ಹೋದ ಮೇಲೆ ಅಡಕೆಯ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕಹಿವಾಸನೆಯ ಕಲೆಗಳನ್ನು ಕಂಡದ್ದು ಅಜ್ಜಿಯೇ. ಆಮೇಲೆ ನಮ್ಮ ಮನೆಯಲ್ಲಿ ಯಾವ ಮಗುವಿಗೆ ಕ್ವಿನೈನ್ ಕೊಟ್ಟರೂ ಅವಳು ಬೆಲ್ಲದ ಚೂರನ್ನು ಹಿಡಿದು ಎದುರಿಗೇ ನಿಲ್ಲುತ್ತಿದ್ದಳು. ಗುಟುಕು ಇಳಿಯಬೇಕು, ಬಾಯಿ ತೆರೆದು ತೋರಿಸಬೇಕು, ಆಮೇಲೆ ಬೆಲ್ಲ. ಕಿವಿಯಲ್ಲಿ ಗುಂಯ್ ಎಂಬ ಸದ್ದು ಹುಟ್ಟಿದರೆ ಮದ್ದು ಹತ್ತಿತೆಂದು ಅವಳಿಗೆ ಸಮಾಧಾನ. ಕ್ವಿನೈನ್ ಮೈಗೇರಿದಾಗ ಕಿವಿ ಮೊರೆಯುವುದುಂಟೆಂದು ವೈದ್ಯಗ್ರಂಥಗಳೂ ಹೇಳುತ್ತವೆ.

ಪ್ಯಾರಿಸ್ಸಿನಲ್ಲಿ ಪೆಲೆಟಿಯೇ ಮತ್ತು ಕಾವೆಂತೂ ಎಂಬಿಬ್ಬರು 1820ರಲ್ಲಿ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ ಮೇಲೆ ಅದಕ್ಕೆ ಬೇಡಿಕೆ ವಿಪರೀತವಾಗಿ ಹೆಚ್ಚಿತು. ಉಷ್ಣದೇಶಗಳಲ್ಲಿ ರಾಜ್ಯ ಕಟ್ಟಲು ಹೊರಟವರಿಗೆ ಅದು ಮದ್ದುಗುಂಡಿನಷ್ಟೇ ಅಗತ್ಯವಾಗಿತ್ತು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಎಂಬವನ ನೇತೃತ್ವದಲ್ಲಿ ಬ್ರಿಟಿಷರು ಸಿಂಕೋನಾ ಬೀಜಗಳನ್ನೂ ಸಸಿಗಳನ್ನೂ ಹುಡುಕಿ ತರಿಸಿದರು. ಅವು ಬೇರೂರಿದ್ದು ನಮ್ಮ ನೆರೆಯ ನೀಲಗಿರಿಯಲ್ಲಿ. ಮೈಸೂರಿನಿಂದ ಬಂಡೀಪುರ, ಗೂಡಲೂರಿನ ಮಾರ್ಗವಾಗಿ ಊಟಿಗೆ ಹೋದವರು ನಡುವಟ್ಟಂ ಎಂಬ ಊರನ್ನು ದಾಟಿರುತ್ತಾರೆ. ಅಲ್ಲಿ ಸಿಂಕೋನಾ ತೋಟಗಳಿದ್ದವು. ಆ ತೋಟಗಳಲ್ಲಿ ದುಡಿಸಲು ಸಮುದ್ರದಾಚೆಯಿಂದ ತಂದ ಚೀನೀ ಕೈದಿಗಳೂ ಇದ್ದರು.

ಇದಕ್ಕಿಂತ ಕಠೋರವಾದದ್ದು ಮಾಮಾನಿಯ ಕಥೆ. ಬೊಲಿವಿಯಾದ ಮೂಲನಿವಾಸಿಯಾದ ಮಾನುಎಲ್ ಇನ್‌ಕ್ರಾ ಮಾಮಾನಿ, ಚಾರ್ಲ್ಸ್ ಲೆಡ್ಜರ್ ಎಂಬ ವ್ಯಾಪಾರಿಯ ಬಳಿ ಕೆಲಸಕ್ಕಿದ್ದವನು. ಯಾವ ಮರದ ತೊಗಟೆಯಲ್ಲಿ ಸತ್ವ ಹೆಚ್ಚೆಂಬುದನ್ನು ನೋಡಿಯೇ ಹೇಳಬಲ್ಲ ಅವನು, ಪರದೇಶಕ್ಕೆ ಬೀಜ ಸಾಗಿಸುವುದು ನಿಷಿದ್ಧವಾಗಿದ್ದಾಗಲೂ ಬೀಜ ಕೂಡಿಸಿ 1865ರಲ್ಲಿ ಲೆಡ್ಜರನಿಗೆ ತಲುಪಿಸಿದ. ಬ್ರಿಟಿಷ್ ಸರ್ಕಾರ ಅವನ್ನು ಬೇಡವೆಂದಿತು. ಡಚ್ಚರು ಒಂದು ಪೌಂಡು ತೂಕದಷ್ಟು ಕೊಂಡು ಜಾವಾದಲ್ಲಿ ಬಿತ್ತಿದರು. ಆ ಒಂದು ಪೌಂಡಿನ ಸಂತತಿಯಿಂದಲೇ ಜಾವಾದ ತೋಟಗಳು ಬೆಳೆದು, ಎರಡನೆಯ ಮಹಾಯುದ್ಧದ ಹೊತ್ತಿಗೆ ಲೋಕದ ಕ್ವಿನೈನಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ಅಲ್ಲಿಂದ ಬರುತ್ತಿತ್ತು. ಮಾಮಾನಿಯಾದರೋ ಮತ್ತೊಮ್ಮೆ ಬೀಜಕ್ಕೆಂದು ಹೋದಾಗ ಸೆರೆಸಿಕ್ಕು, ಹೊಡೆತ ತಿಂದು, ಪ್ರಾಣಬಿಟ್ಟ. ಮರದ ಶಾಸ್ತ್ರೀಯ ನಾಮದಲ್ಲಿ ಉಳಿದದ್ದು ಲೆಡ್ಜರನ ಹೆಸರು.

ಇನ್ನು ಟಾನಿಕ್ ನೀರಿನ ಮಾತು. ಸೋಡಾದೊಂದಿಗೆ ಕ್ವಿನೈನ್ ಬೆರೆಸಿದ ಪಾನೀಯಕ್ಕೆ ಲಂಡನ್ನಿನ ಎರಾಸ್ಮಸ್ ಬಾಂಡ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದ. 1870ರ ದಶಕದಲ್ಲಿ ಶ್ವೆಪ್ಸ್ ಕಂಪನಿ ತನ್ನ ಟಾನಿಕ್ಕಿಗೆ ‘ಇಂಡಿಯನ್’ ಎಂದೇ ಹೆಸರಿಟ್ಟು ಮಾರಿತು. ದಿನದಿನದ ಕ್ವಿನೈನ್ ಕಹಿಯನ್ನು ಸಹಿಸಲಾರದೆ ಭಾರತದಲ್ಲಿದ್ದ ಇಂಗ್ಲಿಷ್ ಸೋಲ್ಜರುಗಳು ಅದಕ್ಕೆ ಜಿನ್ ಬೆರೆಸಿಕೊಂಡರು, ಹೀಗೆ ಜಿನ್ ಮತ್ತು ಟಾನಿಕ್ ಹುಟ್ಟಿತು ಎಂಬುದು ಎಲ್ಲರೂ ಹೇಳುವ ಕಥೆ. ಕಥೆ ಸೊಗಸಾಗಿದೆ. ಆದರೆ ಈ ಜೋಡಿಯ ಹೆಸರು ಅಚ್ಚಿನಲ್ಲಿ ಮೊದಲು ಕಾಣುವುದು 1868ರಲ್ಲಿ, ಇಲ್ಲಿನ ಇಂಗ್ಲಿಷರ ಒಂದು ಕ್ರೀಡಾ ಪತ್ರಿಕೆಯಲ್ಲಿ. ಸಂದರ್ಭವು ಆಸ್ಪತ್ರೆಯೂ ಅಲ್ಲ, ಸೈನ್ಯದ ಬಿಡಾರವೂ ಅಲ್ಲ. ಕುದುರೆಯ ಪಂದ್ಯ ಮುಗಿದು, ಬಿಸಿಲಿನಲ್ಲಿ ಬೆಂದ ಜನ ಜಿನ್ ಮತ್ತು ಟಾನಿಕ್ಕಿಗಾಗಿ ಕೂಗಿಕೊಂಡರಂತೆ! ಅಷ್ಟು ಹೊತ್ತಿಗಾಗಲೇ ಮದ್ದು ಎಂಬ ಭಾವನೆ ಹೋಗಿ ರುಚಿ ಎಂಬ ಭಾವನೆ ಬಂದಿತ್ತೆಂದು ನನ್ನ ಊಹೆ.

ಸಾಹೇಬನ ಕ್ಲಬ್ಬಿನಲ್ಲಿ ಹೀಗೆ ಕ್ವಿನೈನ್ ವಿಲಾಸದ ಪಾನೀಯವಾಗುತ್ತಿದ್ದ ಕಾಲದಲ್ಲಿ ಹಳ್ಳಿಗಾಡಿನ ಪಾಡೇನು? 1892ರಲ್ಲಿ ಬಂಗಾಳದಲ್ಲಿ ಅಂಚೆಕಚೇರಿಗಳ ಮೂಲಕ ಕಾಸಿಗೊಂದು ಪೊಟ್ಟಣದಂತೆ ಕ್ವಿನೈನ್ ಮಾರಲು ತೊಡಗಿದರು. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಇಡೀ ಮನೆಗಳೇ ಕಂಬಳಿ ಹೊದ್ದು ಮಲಗುತ್ತಿದ್ದ ಮಾತನ್ನು ಹಿರಿಯರಿಂದ ಕೇಳಿದವರು ಇನ್ನೂ ಇದ್ದಾರೆ. ಸೊಳ್ಳೆಗೂ ಈ ಜ್ವರಕ್ಕೂ ಇರುವ ನಂಟನ್ನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೆ ಬಹಳ ಮೊದಲೇ, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ಕಡಿಮೆಯಾಗುತ್ತದೆಂದು ಅವನು ಗಮನಿಸಿದ್ದು ಇಲ್ಲಿಯೇ. 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಆರಂಭವಾಗಿ, ಗೋಡೆಗಳಿಗೆಲ್ಲ ಡಿ.ಡಿ.ಟಿ. ಬಿದ್ದ ಮೇಲೆ ನಮ್ಮ ಅಜ್ಜಿಯ ಬೆಲ್ಲದ ಡಬ್ಬಿಗೆ ಆ ಕೆಲಸ ತಪ್ಪಿತು.

ಟಾನಿಕ್ ಕುಡಿದರೆ ಮಲೇರಿಯಾ ಬಾರದೆಂದು ಇಂದಿಗೂ ಪಾನಗೋಷ್ಠಿಗಳಲ್ಲಿ ಹೇಳುವವರುಂಟು. ಅವರಿಗಾಗಿ ಒಂದು ಸಣ್ಣ ಲೆಕ್ಕ. ಅಮೆರಿಕದ ಕಾನೂನಿನಂತೆ ಒಂದು ಲೀಟರ್ ಟಾನಿಕ್ ನೀರಿನಲ್ಲಿ ಸುಮಾರು 83 ಮಿಲಿಗ್ರಾಂಗಿಂತ ಹೆಚ್ಚು ಕ್ವಿನೈನ್ ಇರಕೂಡದು. ಜ್ವರಕ್ಕೆ ವೈದ್ಯರು ಕೊಡುತ್ತಿದ್ದ ಪ್ರಮಾಣವಾದರೋ ಹೊತ್ತಿಗೆ ಸುಮಾರು 600 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು. ಎಂದರೆ ದಿನವೊಂದಕ್ಕೆ ಇಪ್ಪತ್ತು ಲೀಟರಿಗೂ ಹೆಚ್ಚು ಟಾನಿಕ್! ಅಷ್ಟಕ್ಕೂ ಜಿನ್ ಬೆರೆಸಿಕೊಂಡವನಿಗೆ ಸೊಳ್ಳೆಯ ಭಯವಿರದೆಂಬುದು ಬೇರೆ ಮಾತು.

ಹಾಗಾದರೆ ಮದ್ದಿನ ಗುಣ ಹೋದ ಮೇಲೂ ಜನ ಇದನ್ನು ಮೆಚ್ಚುವುದೇಕೆ? ಕಹಿಯನ್ನು ಗುರುತಿಸಲು ನಮ್ಮ ನಾಲಗೆಯಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ವಿಷದ ಸಸ್ಯಗಳಲ್ಲಿ ಎಷ್ಟೋ ಕಹಿಯಾಗಿರುವುದರಿಂದ, ಕಹಿಯೆಂದರೆ ಉಗುಳು ಎಂಬುದು ಹುಟ್ಟಿನಿಂದ ಬಂದ ಎಚ್ಚರಿಕೆ. ಹಸುಗೂಸೂ ಮುಖ ಸಿಂಡರಿಸುತ್ತದೆ. ಆದರೆ ಅಪಾಯವಿಲ್ಲದ ಕಹಿಯನ್ನು ಮತ್ತೆಮತ್ತೆ ಸವಿದವನಿಗೆ ಅದೇ ಎಚ್ಚರಿಕೆ ಹಿತವಾದ ಚುರುಕಾಗುತ್ತದೆ. ಸಿಹಿ ಬೇಗ ಮೊಕ ಹೊಡೆಯುತ್ತದೆ. ಕಹಿ ಮೊಕ ಹೊಡೆಯುವುದಿಲ್ಲ, ನಿಧಾನವಾಗಿ ಗುಟುಕರಿಸುವಂತೆ ಮಾಡಿ ಹಸಿವನ್ನು ಕೆದಕುತ್ತದೆ. ನಮಗೇನು ಇದು ಹೊಸದಲ್ಲ. ಹಾಗಲಕಾಯಿಯ ಗೊಜ್ಜಿಗೆ ಹುಣಿಸೆ, ಬೆಲ್ಲ, ಉಪ್ಪು, ಮೆಣಸಿನಕಾಯಿ ಕೂಡಿಸುವ ಗೃಹಿಣಿ ಮಾಡುವುದೇನು? ಕಹಿಯನ್ನು ಕೊಲ್ಲುವುದಿಲ್ಲ, ಅದಕ್ಕೆ ಜೊತೆ ಕೊಡುತ್ತಾಳೆ. ಬೆಳಗ್ಗೆ ಎದ್ದು ನಾವು ಹಂಬಲಿಸುವ ಕಾಫಿಯ ಡಿಕಾಕ್ಷನ್ ಯಾವ ರುಚಿಯದು? ಮಗುವಾಗಿದ್ದಾಗ ಅದನ್ನು ಮೊದಲ ಬಾರಿ ನೆಕ್ಕಿದ ದಿನವನ್ನು ನೆನೆಸಿಕೊಂಡರೆ ಸಾಕು.

ಕಹಿಯಿಲ್ಲದ ಮಿಶ್ರಪಾನಗಳಿಲ್ಲವೆಂದಲ್ಲ. ಕ್ಯೂಬಾದ ಗಣಿಯೂರಿನ ಹೆಸರು ಹೊತ್ತ ‘ಡೈಕಿರಿ’ ರಮ್ಮು, ನಿಂಬೆರಸ, ಸಕ್ಕರೆಗಳ ಕೂಟ. ಮದ್ಯವನ್ನು ಬಿಟ್ಟರೆ ನಮ್ಮ ಪಾನಕವೇ. ಸಿಂಗಪುರದ ರ‍್ಯಾಫಲ್ಸ್ ಹೋಟೆಲಿನ ‘ಸಿಂಗಪುರ್ ಸ್ಲಿಂಗ್’ ಹಣ್ಣಿನ ರಸದಂತೆ ಕೆಂಪಗಿರುವುದು, ಬಹಿರಂಗವಾಗಿ ಮದ್ಯ ಕುಡಿಯಬಾರದಿದ್ದ ಹೆಂಗಸರಿಗೆ ಅನುಕೂಲವಾಗಲೆಂದು ಹೋಟೆಲಿನವರು ಹೇಳುತ್ತಾರೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿದ್ದಾಗ ಕಳ್ಳಭಟ್ಟಿಯ ದುರ್ವಾಸನೆಯನ್ನು ಮುಚ್ಚಲು ಹಣ್ಣಿನ ರಸ, ಜೇನು ಎಲ್ಲವೂ ಲೋಟಕ್ಕೆ ಬಿದ್ದವು. ಟಾಲ್ಬರನ ಉಪಾಯ ಇಲ್ಲಿ ತಲೆಕೆಳಗಾಯಿತು: ಅವನು ಮದ್ದನ್ನು ಮದ್ಯದಲ್ಲಿ ಅಡಗಿಸಿದ, ಇವರು ಮದ್ಯವನ್ನು ಶರಬತ್ತಿನಲ್ಲಿ ಅಡಗಿಸಿದರು. ಇಂಥವುಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಕುಡಿಯುವವನಿಗೆ ತಾನೆಷ್ಟು ಕುಡಿದೆನೆಂಬುದೇ ತಿಳಿಯದಂತೆ ಮಾಡುವ ಸಿಹಿ ಅದು.

ಜಿನ್ ಇಲ್ಲದೆ ಟಾನಿಕ್ ನೀರನ್ನು ಸವಿಯಬಯಸುವವರು ಎತ್ತರದ ಲೋಟದಲ್ಲಿ ಮಂಜುಗಡ್ಡೆಯನ್ನು ಧಾರಾಳವಾಗಿ ತುಂಬಿ, ಸೀಸೆಯನ್ನು ಆಗತಾನೆ ತೆರೆದು, ಲೋಟವನ್ನು ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯಬೇಕು. ಇಲ್ಲವಾದರೆ ಗುಳ್ಳೆಗಳೆಲ್ಲ ಹಾರಿಹೋಗುತ್ತವೆ. ನಿಂಬೆಯ ಹೋಳನ್ನು ಹಿಂಡಿ ಅದರಲ್ಲಿಯೇ ಬಿಡಬೇಕು. ಮಕ್ಕಳಿಗೆ ಒಂದು ಮೋಜು: ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಕತ್ತಲಲ್ಲಿ ಈ ಲೋಟಕ್ಕೆ ಹಿಡಿದರೆ ಕ್ವಿನೈನ್ ತಿಳಿನೀಲಿಯಾಗಿ ಹೊಳೆಯುತ್ತದೆ.

ಅಂದು ಕ್ಲಬ್ಬಿನಲ್ಲಿ ಅಳಿಯನಿಗೆ ಇದಾವುದನ್ನೂ ನಾನು ಹೇಳಲಿಲ್ಲ. ಅವನ ಸಂತೋಷದ ದಿನ ಅದು. ದೊಡ್ಡಪ್ಪನಾಗಬೇಕಾಗಿದ್ದ ಆ ಏಳು ವರ್ಷದ ಹುಡುಗನನ್ನು ನೆನೆಯುತ್ತ ಲೋಟದ ತಳದವರೆಗೂ ಕುಡಿದೆ. ಸ್ವಲ್ಪ ಹೊತ್ತಿಗೆ ಅಳಿಯ ಮತ್ತೆ ಬಂದು, “ಕಹಿಯಾಯಿತೇನೋ ಮಾವ, ಬೇರೆ ಏನಾದರೂ ಸಿಹಿ ತರಿಸಲೇ?” ಎಂದು ಕೇಳಿದ. ಇದೇ ಇನ್ನೊಂದು ಇರಲಿ ಎಂದೆ.