ಕಾವ್ಯಧರ್ಮ ಮತ್ತು ಧರ್ಮ: ಕನ್ನಡ ತರಗತಿಯಲ್ಲಿ ಬೈಬಲ್

ಬೈಬಲನ್ನು ಸಾರ್ವಜನಿಕ ಶಾಲೆಯಲ್ಲಿ ಸಾಹಿತ್ಯಕೃತಿಯಾಗಿ ಬೋಧಿಸಬಹುದೇ ಎಂಬ ಪ್ರಶ್ನೆ ಹೆಚ್ಚಾಗಿ ಅಮೆರಿಕದ ಸಂದರ್ಭದಲ್ಲಿ ಚರ್ಚಿತವಾಗಿದೆ. ಶಾಲೆಗಳಲ್ಲಿ ಬೈಬಲಿನ ಭಕ್ತಿಪೂರ್ವಕ ಪಠಣವು ಸಂವಿಧಾನಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಶೆಂಪ್ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಲೌಕಿಕ ಶಿಕ್ಷಣದ ಅಂಗವಾಗಿ ಅದರ ಸಾಹಿತ್ಯಿಕ ಹಾಗೂ ಚಾರಿತ್ರಿಕ ಗುಣಗಳನ್ನು ಅಭ್ಯಸಿಸುವುದಕ್ಕೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಈ ಪ್ರಶ್ನೆಯನ್ನು ಕನ್ನಡದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾನೂನಿನ ಮಾತು. ಭಾರತ ಸಂವಿಧಾನದ 28ನೆಯ ಅನುಚ್ಛೇದದಂತೆ, ಸಂಪೂರ್ಣವಾಗಿ ಸರ್ಕಾರಿ ನಿಧಿಯಿಂದ ನಡೆಯುವ ಶಿಕ್ಷಣಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಅಂತಹ ಬೋಧನೆಗೆ ಹಾಜರಾಗುವಂತೆ, ಸ್ವಂತ ಸಮ್ಮತಿಯಿಲ್ಲದೆ, ಅಪ್ರಾಪ್ತ ವಯಸ್ಕರಾದರೆ ಪೋಷಕರ ಸಮ್ಮತಿಯಿಲ್ಲದೆ, ಯಾರನ್ನೂ ನಿರ್ಬಂಧಿಸುವಂತಿಲ್ಲ. ಆದರೆ ಬೋಧನೆ ಬೇರೆ, ಅಧ್ಯಯನ ಬೇರೆ. ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನಕ್ಕೆ ಅವಕಾಶ ಕಲ್ಪಿಸುವುದು ಧಾರ್ಮಿಕ ಬೋಧನೆಯಾಗದೆಂದು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಹೇಳಿತು. 2002ರ ಅರುಣಾ ರಾಯ್ ಪ್ರಕರಣದಲ್ಲಿಯೂ, ಧರ್ಮಗಳ ಕುರಿತು ತಿಳಿವಳಿಕೆ ನೀಡುವುದು ನಿಷಿದ್ಧವಲ್ಲವೆಂಬ ನಿಲುವನ್ನು ತಳೆಯಿತು.

ಈ ವಿವೇಚನೆ ಕನ್ನಡಕ್ಕೆ ಹೊಸತಲ್ಲ. ಕ್ರಿ.ಶ. 941ರ ಆದಿಪುರಾಣದಲ್ಲಿ ಕಾವ್ಯಧರ್ಮವನ್ನೂ ಧರ್ಮವನ್ನೂ ಅರಿಯಬೇಕೆಂದು ಪಂಪನೇ ಸೂಚಿಸಿದ್ದಾನೆ. ಆ ಕೃತಿ ಪ್ರಥಮ ತೀರ್ಥಂಕರನ ಚರಿತೆ. ಜೈನರಿಗೆ ಪೂಜ್ಯವಾದ ವಸ್ತು. ಆದರೂ ನೀಲಾಂಜನೆಯ ನೃತ್ಯದ ಪ್ರಸಂಗವನ್ನು ಜೈನೇತರ ಅಧ್ಯಾಪಕರು ಜೈನೇತರ ವಿದ್ಯಾರ್ಥಿಗಳಿಗೆ ತಲೆಮಾರುಗಳಿಂದ ಪಾಠ ಹೇಳುತ್ತ ಬಂದಿದ್ದಾರೆ. ಇದರಿಂದ ಮತಾಂತರವಾಯಿತೆಂದಾಗಲಿ, ಧರ್ಮಕ್ಕೆ ಚ್ಯುತಿ ಬಂದಿತೆಂದಾಗಲಿ ಯಾರೂ ಭಾವಿಸಲಿಲ್ಲ. ಶರಣರ ವಚನಗಳು, ದಾಸರ ಕೀರ್ತನೆಗಳು ಪಠ್ಯಗಳಾದುದೂ ಇದೇ ಬಗೆಯಲ್ಲಿ. ಧರ್ಮಗ್ರಂಥವನ್ನು ಸಾಹಿತ್ಯವಾಗಿ ಓದುವ ದೀರ್ಘ ಅಭ್ಯಾಸ ಕನ್ನಡ ತರಗತಿಗೆ ಇದೆಯೆಂಬುದನ್ನು ಹೊರರಾಜ್ಯದ ಸಂಶೋಧಕರು ವಿಶೇಷವಾಗಿ ಗಮನಿಸಬೇಕು.

ಈ ಪರಂಪರೆಗೆ ಬೈಬಲ್ ಹೊರತೇನೂ ಅಲ್ಲ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ಅನುವಾದಗಳ ಶಬ್ದಾವಳಿಯೇ ಅಧ್ಯಯನಯೋಗ್ಯ: ಗ್ರಂಥಕ್ಕೆ 'ಸತ್ಯವೇದ', ಸ್ತೋತ್ರಗಳಿಗೆ 'ಕೀರ್ತನೆಗಳು', ದೃಷ್ಟಾಂತಕಥೆಗೆ 'ಸಾಮ್ಯ' ಎಂಬ ಹೆಸರುಗಳು ರೂಢಿಗೆ ಬಂದಿವೆ. ಹೊಸ ವಸ್ತುವು ಹಳೆಯ ಪರಿಭಾಷೆಯ ಆಶ್ರಯ ಪಡೆದಿದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ದೇಸೀ ಛಂದಸ್ಸಿಗೆ ಇಳಿಸಿದರು. ಅವರೇ ಮುಂದೆ ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿ 1894ರಲ್ಲಿ ಮಹಾಕೋಶವನ್ನು ಪ್ರಕಟಿಸಿದರು. ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದ ಗೋವಿಂದ ಪೈಯವರು (1883–1963) ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದರು. ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ'ಯನ್ನು ರಚಿಸಿದವರೂ ಅವರೇ. ಕ್ರೈಸ್ತರಲ್ಲದ ಕವಿಗೆ ಬೈಬಲ್ ಕಾವ್ಯವಸ್ತುವಾದುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಹೀಗಿದ್ದೂ ಸಮಸ್ಯೆ ಉಳಿದಿದೆ. 2022ರಲ್ಲಿ ಕರ್ನಾಟಕದಲ್ಲಿ ಭಗವದ್ಗೀತೆಯನ್ನು ನೈತಿಕ ಶಿಕ್ಷಣಕ್ಕೆ ಸೇರಿಸುವ ಪ್ರಸ್ತಾಪ ಚರ್ಚೆಗೊಳಗಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದು ಬೈಬಲಿಗೆ ಸಂಬಂಧಿಸಿ ಪೋಷಕರಿಂದ ಸಮ್ಮತಿ ಪಡೆಯುತ್ತಿದ್ದ ಕ್ರಮ ವಿವಾದವಾಯಿತು. ಎರಡರಲ್ಲಿಯೂ ಪ್ರಶ್ನೆ ಗ್ರಂಥದ ಅಧಿಕಾರವನ್ನು ಕುರಿತದ್ದು, ಅದರ ಕಾವ್ಯವನ್ನು ಕುರಿತದ್ದಲ್ಲ. ಈ ಎರಡನ್ನು ಬೆರೆಸಿದರೆ ಸಾಹಿತ್ಯಪಾಠವೂ ಸಂಶಯಕ್ಕೀಡಾಗುತ್ತದೆ. ಆಗ ಬೈಬಲಿನೊಡನೆ ಆದಿಪುರಾಣವೂ ವಚನವೂ ತರಗತಿಯಿಂದ ದೂರವಾದಾವು.

ವ್ಯತ್ಯಾಸವನ್ನು ಗುರುತಿಸುವ ಬಗೆ ಹೇಗೆ? ಪರೀಕ್ಷೆಯ ಪ್ರಶ್ನೆಯೇ ಇದಕ್ಕೆ ಒರೆಗಲ್ಲು. ಲೂಕನ ಸುವಾರ್ತೆಯ ದುಂದುಗಾರ ಮಗನ ಕಥೆಯನ್ನು ತೆಗೆದುಕೊಳ್ಳೋಣ. 'ಈ ಕಥೆಯಿಂದ ದೇವರ ಕರುಣೆಯನ್ನು ವಿವರಿಸಿ' ಎಂಬುದು ಉಪದೇಶದ ಪ್ರಶ್ನೆ. ಅದಕ್ಕೆ ಒಂದೇ ಉತ್ತರ, ಅದನ್ನು ಬರೆಯುವ ಬಾಲಕನು ನಂಬಿದಂತೆ ಬರೆಯಬೇಕಾಗುತ್ತದೆ. 'ಹಿರಿಯ ಮಗನು ಔತಣಕ್ಕೆ ಒಳಗೆ ಬಂದನೇ ಎಂಬುದನ್ನು ಕಥೆ ಹೇಳದೆ ಮುಗಿಯುವುದೇಕೆ?' ಎಂಬುದು ಸಾಹಿತ್ಯದ ಪ್ರಶ್ನೆ; ಕ್ರೈಸ್ತ, ಹಿಂದೂ, ಮುಸ್ಲಿಂ, ನಾಸ್ತಿಕ ಯಾರೇ ಆಗಲಿ ಸಮಾನವಾಗಿ ಅದನ್ನು ಎದುರಿಸಬಲ್ಲರು. ಇನ್ನೊಂದು ಎಚ್ಚರವೂ ಅಗತ್ಯ: ಗ್ರಂಥವನ್ನು ಪವಿತ್ರವೆಂದು ನಂಬಿದ ವಿದ್ಯಾರ್ಥಿಗೆ 'ಇದು ಬರಿಯ ಕಥೆ' ಎಂದು ಹೇಳುವ ಅಧಿಕಾರ ಅಧ್ಯಾಪಕನಿಗಿಲ್ಲ. ಸಾಹಿತ್ಯಾಧ್ಯಯನವು ನಂಬಿಕೆಯನ್ನು ವಿಧಿಸುವುದೂ ಇಲ್ಲ, ಕಸಿಯುವುದೂ ಇಲ್ಲ.

ಹೈದರಾಬಾದಿನ ಕೊಂಡಾಪುರದಂತಹ ಬಡಾವಣೆಗಳಲ್ಲಿ ಹಲವು ಭಾಷೆ, ಹಲವು ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ಒಬ್ಬರ ಪೂಜ್ಯಗ್ರಂಥವನ್ನು ಮತ್ತೊಬ್ಬರು ಭಯವಿಲ್ಲದೆ, ಅಗೌರವವಿಲ್ಲದೆ ಓದುವ ಸ್ಥಳ ಶಾಲೆಯಲ್ಲಿ ಸಿಗದಿದ್ದರೆ ಬೇರೆಲ್ಲಿಯೂ ಸಿಗುವುದು ಕಷ್ಟ. ಕನ್ನಡದ ಅನುಭವವನ್ನು ಇತರ ಭಾರತೀಯ ಭಾಷೆಗಳ ಪಠ್ಯಕ್ರಮಗಳೊಡನೆ ತೌಲನಿಕವಾಗಿ ಪರಿಶೀಲಿಸುವ ಕಾರ್ಯವನ್ನು ವಿದ್ವಾಂಸರು ಕೈಗೊಳ್ಳಬೇಕಾಗಿದೆ.