ಕುಡಿಯುವ ನೀರಿನ ಕ್ಲೋರಿನೀಕರಣ: ಸಾರ್ವಜನಿಕರಿಗೆ ಮಾಹಿತಿ

ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿ ಕೊಳವೆಬಾವಿಯ ನೀರನ್ನು ಟ್ಯಾಂಕ್ ಹಾಗೂ ತೊಂಬೆಗಳಲ್ಲಿ ಸಂಗ್ರಹಿಸಿ ವಿತರಿಸಲಾಗುತ್ತದೆ. ಸೋಂಕು ನಿವಾರಣೆಗಾಗಿ ಬ್ಲೀಚಿಂಗ್ ಪೌಡರ್ ಬಳಸಲಾಗುತ್ತದೆ. ಆದರೆ ಪುಡಿ ಬೆರೆಸಿದ ಮಾತ್ರಕ್ಕೆ ನೀರು ಸುರಕ್ಷಿತವಾಯಿತೆಂದು ಭಾವಿಸುವಂತಿಲ್ಲ. ಇದರ ಕಾರಣವನ್ನು ಸರಿದೂಗಿಸಿದ ರಾಸಾಯನಿಕ ಸಮೀಕರಣದಿಂದ ತಿಳಿಯಬಹುದು.

ಪ್ರತಿವರ್ತಕಗಳು

ಕ್ರಿಯೆಯಲ್ಲಿ ಪಾಲ್ಗೊಂಡು ವ್ಯಯವಾಗುವ ವಸ್ತುಗಳಿಗೆ ಪ್ರತಿವರ್ತಕಗಳೆಂದು ಹೆಸರು. ಸಮೀಕರಣದಲ್ಲಿ ಇವು ಬಾಣದ ಎಡಭಾಗದಲ್ಲಿರುತ್ತವೆ. ನೀರಿನಲ್ಲಿ ಕರಗಿದ ಕಬ್ಬಿಣಾಂಶವು ಕ್ಲೋರಿನ್‌ನೊಡನೆ ಈ ಕೆಳಕಂಡಂತೆ ವರ್ತಿಸುತ್ತದೆ:

2 ಫೆರಸ್ ಅಯಾನು + 1 ಕ್ಲೋರಿನ್ ಅಣು → 2 ಫೆರಿಕ್ ಅಯಾನು + 2 ಕ್ಲೋರೈಡ್ ಅಯಾನು

ತೂಕದ ಲೆಕ್ಕದಲ್ಲಿ 112 ಭಾಗ ಕಬ್ಬಿಣಕ್ಕೆ 71 ಭಾಗ ಕ್ಲೋರಿನ್ ಬೇಕು. ಅಂದರೆ 1 ಗ್ರಾಂ ಕಬ್ಬಿಣವು ಸುಮಾರು 0.634 ಗ್ರಾಂ ಕ್ಲೋರಿನ್ ಅನ್ನು ಬಳಸಿಕೊಳ್ಳುತ್ತದೆ.

ಮಿತಿಗೊಳಿಸುವ ಪ್ರತಿವರ್ತಕ

ಪ್ರತಿವರ್ತಕಗಳ ಪೈಕಿ ಮೊದಲು ಮುಗಿದುಹೋಗಿ ಕ್ರಿಯೆಯನ್ನು ನಿಲ್ಲಿಸುವುದು ಮಿತಿಗೊಳಿಸುವ ಪ್ರತಿವರ್ತಕ. ಉದಾಹರಣೆಗೆ, 1000 ಲೀಟರ್ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂನಂತೆ ಒಟ್ಟು 1 ಗ್ರಾಂ ಕಬ್ಬಿಣಾಂಶವಿದೆ ಎಂದಿಟ್ಟುಕೊಳ್ಳಬಹುದು. ಶೇ. 25ರಷ್ಟು ಕ್ಲೋರಿನ್ ನೀಡುವ 2.5 ಗ್ರಾಂ ಪುಡಿಯಿಂದ ದೊರೆಯುವುದು 0.625 ಗ್ರಾಂ ಕ್ಲೋರಿನ್ ಮಾತ್ರ. ಇಲ್ಲಿ ಕ್ಲೋರಿನ್ನೇ ಮೊದಲು ಮುಗಿಯುವುದರಿಂದ ರೋಗಾಣುಗಳ ನಾಶಕ್ಕೆ ಏನೂ ಉಳಿಯುವುದಿಲ್ಲ. ಸಾವಯವ ಕಲ್ಮಷ ಹಾಗೂ ಅಮೋನಿಯಾ ಸಹ ಇದೇ ರೀತಿ ಕ್ಲೋರಿನ್ ಬಳಸಿಕೊಳ್ಳುತ್ತವೆ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಪ್ರಮಾಣ ಇನ್ನೂ ಕುಗ್ಗಿರುತ್ತದೆ.

ಆದುದರಿಂದ ಕ್ಲೋರಿನ್ ಎಂದಿಗೂ ಮಿತಿಗೊಳಿಸುವ ಪ್ರತಿವರ್ತಕವಾಗಬಾರದು. ಪುಡಿ ಬೆರೆಸಿ ಕನಿಷ್ಠ 30 ನಿಮಿಷಗಳ ನಂತರವೂ ಕ್ಲೋರಿನ್ ಉಳಿದಿರಬೇಕು. ಭಾರತೀಯ ಮಾನಕದ ಪ್ರಕಾರ ಈ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರತಕ್ಕದ್ದು. ಉಳಿಕೆ ಇಲ್ಲದ ನೀರಿನಿಂದ ವಾಂತಿಭೇದಿ, ಕಾಲರಾ ಹಾಗೂ ವಿಷಮಶೀತ ಜ್ವರ ಹರಡುವ ಅಪಾಯವಿರುತ್ತದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ನೀರಿನ ಪರೀಕ್ಷೆ ಕೋರಿ ಗ್ರಾಮೀಣ ಪ್ರದೇಶದವರು ಗ್ರಾಮ ಪಂಚಾಯಿತಿಗೆ, ಕೊಳ್ಳೇಗಾಲ ಪಟ್ಟಣದವರು ನಗರಸಭೆಗೆ, ಹನೂರು ಹಾಗೂ ಯಳಂದೂರು ಪಟ್ಟಣದವರು ಆಯಾ ಪಟ್ಟಣ ಪಂಚಾಯಿತಿಗೆ ಲಿಖಿತ ಮನವಿ ಸಲ್ಲಿಸಬಹುದು.

2. ನೀರಿನ ಮೂಲ, ಟ್ಯಾಂಕ್ ಅಥವಾ ತೊಂಬೆ ಇರುವ ಸ್ಥಳ, ಬಣ್ಣ ಅಥವಾ ವಾಸನೆಯಲ್ಲಿನ ವ್ಯತ್ಯಾಸ ಹಾಗೂ ಅದು ಕಂಡುಬಂದ ದಿನಾಂಕವನ್ನು ಮನವಿಯಲ್ಲಿ ನಮೂದಿಸುವುದು ಸೂಕ್ತ.

3. ಕಬ್ಬಿಣಾಂಶ ಹಾಗೂ ಉಳಿಕೆ ಕ್ಲೋರಿನ್ ಎರಡನ್ನೂ ಪರೀಕ್ಷಿಸುವಂತೆ ಕೋರುವುದು.

4. ಸಾರ್ವಜನಿಕ ಟ್ಯಾಂಕ್‌ಗಳಿಗೆ ಸ್ವತಃ ಪುಡಿ ಬೆರೆಸಬಾರದು. ಅತಿಯಾದ ಕ್ಲೋರಿನ್ ಸಹ ಹಾನಿಕರ.

5. ಪರೀಕ್ಷಾ ಫಲಿತಾಂಶ ತಿಳಿಯುವವರೆಗೆ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯತಕ್ಕದ್ದು.